ಹನ್ನೊಂದು ಗಂಟೆಗೆ ಶೇಕಡ ಇಪ್ಪತ್ತೆಂಟು

ಸರ್ಕಾರದ ಕಾಗದದ ಪ್ರಕಾರ ನನ್ನ ದೇಹ ಶೇಕಡ ಇಪ್ಪತ್ತೆಂಟರಷ್ಟು ಕೆಟ್ಟಿತ್ತು. ಉಳಿದ ಎಪ್ಪತ್ತೆರಡರಷ್ಟು ಸರಿಯಾಗಿತ್ತು. ಯಾವುದು ಕೆಟ್ಟಿದ್ದು, ಯಾವುದು ಸರಿ ಇದ್ದದ್ದು ಎಂದು ಆ ಕಾಗದದಲ್ಲಿ ಇರಲಿಲ್ಲ. ಎಷ್ಟು ಗಂಟೆಗೆ ನೋಡಿ ಬರೆದದ್ದು ಎಂದೂ ಇರಲಿಲ್ಲ. ನನಗೆ ಸಿಟ್ಟು ತರಿಸಿದ್ದು ಈ ಎರಡನೆಯದು.

ಮೂವತ್ತೊಂದು ವರ್ಷ ನಾನು ಕಾಲುವೆಯ ಮೇಲೆ ಗೇಜ್ ರೀಡರ್ ಆಗಿದ್ದೆ. ಸುರಪುರ, ಶಹಾಪುರಗಳ ನಡುವೆ ಶಾಖಾ ಕಾಲುವೆಯ ದಂಡೆಯ ಮೇಲೆ ಒಂದು ಕೋಣೆಯ ಚೌಕಿ. ಎದುರಿಗೆ ನೀರಿನಲ್ಲಿ ನಿಲ್ಲಿಸಿದ ಕಪ್ಪು ಬಿಳಿ ಗೆರೆಗಳ ಗೇಜ್ ಪಟ್ಟಿ. ನೀರು ಯಾವ ಗೆರೆಗೆ ಇದೆ ಎಂದು ನೋಡುವುದು, ರಿಜಿಸ್ಟರಿನಲ್ಲಿ ಬರೆಯುವುದು, ಮೇಲಿನವರಿಗೆ ತಿಳಿಸುವುದು. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ಮಳೆ ಇರಲಿ, ಜ್ವರ ಇರಲಿ, ಮನೆಯಲ್ಲಿ ಮದುವೆ ಇರಲಿ. ಸುರಪುರದ ಹಾಸ್ಟೆಲ್ಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವನಿಗೆ ಅದು ಕಷ್ಟವೆನಿಸಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ದಿನ ನೀರಿನ ಮಟ್ಟ ಬರೆದು ವೇಳೆ ಬರೆಯುವುದನ್ನು ಮರೆತಿದ್ದೆ. ಅಂದಿನ ಸೆಕ್ಷನ್ ಆಫೀಸರರು ರಿಜಿಸ್ಟರನ್ನು ನನ್ನ ಕಡೆಗೆ ತಿರುಗಿಸಿ ಹೇಳಿದರು: “ಟೈಮ್ ಎಲ್ಲಿ ಅದಪಾ? ಇದು ಯಾವಾಗಿನ ನೀರು? ಟೈಮ್ ಬರೀದಿದ್ರ ಇದು ರೀಡಿಂಗ್ ಅಲ್ಲ, ಬರೀ ಅಂಕಿ.” ಆಮೇಲೆ ಒಂದು ದಿನವೂ ಮರೆಯಲಿಲ್ಲ.

ನಿವೃತ್ತಿಯಾದ ಮೇಲೆ ಶಹಾಪುರದಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡು ನಾನು, ನನ್ನ ಹೆಂಡತಿ ಶರಣಮ್ಮ ಇದ್ದೆವು. ಮಗಳು ಸುಜಾತಾ ಮದುವೆಯಾಗಿ ಸೈದಾಪುರದಲ್ಲಿದ್ದಾಳೆ. ಬರೆಯುವ ಚಟ ಬಿಡಲಿಲ್ಲ. ನಳ ಬಂದ ವೇಳೆ, ಕರೆಂಟ್ ಹೋದ ವೇಳೆ, ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದೆ. ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಅಲ್ಲಿಯೇ. ನಾಲ್ಕನೇ ಇಯತ್ತೆವರೆಗೆ ಓದಿದ ಶರಣಮ್ಮ ಒಂದು ದಿನ ಕ್ಯಾಲೆಂಡರಿನ ಮುಂದೆ ನಿಂತು ಕೇಳಿದಳು.

“ಇದೇನ್ರಿ ಇರಿವಿ ಹರದಂಗ ಬರ್ದೀರಿ? ಕಣ್ಣಿಗಿ ಕಾಣವಲ್ದು.”

ಜನವರಿಯ ಅಕ್ಷರ ದಪ್ಪಗಿತ್ತು. ಆಗಸ್ಟಿನದು ಎಳ್ಳಿನ ಕಾಳಿನಷ್ಟಾಗಿತ್ತು. ನಾನು ಪೆನ್ನಿನ ಮೇಲೆ ತಪ್ಪು ಹೊರಿಸಿದೆ.

ಆಮೇಲೆ ಮುಖ. ನನಗೆ ಗೊತ್ತಿಲ್ಲದಂತೆ ಮುಖ ಬಿಗಿದುಕೊಂಡಿತ್ತು. ಶರಣಮ್ಮ ನಾನು ಸಿಟ್ಟಾಗಿದ್ದೇನೆ ಎಂದುಕೊಂಡು ಎರಡು ತಿಂಗಳು ತಾನೂ ಸಿಟ್ಟಾಗಿದ್ದಳು. “ಏನ್ ತಪ್ಪಾಗ್ಯಾದ ಹೇಳ್ರಿ ಒಮ್ಮಿ, ಹಿಂಗ ಮುಖ ಗಂಟ್ ಹಾಕ್ಕೊಂಡ ಕೂಡಬ್ಯಾಡ್ರಿ” ಎನ್ನುತ್ತಿದ್ದಳು. ನಾನು ಗಂಟು ಹಾಕಿಕೊಂಡಿಲ್ಲ ಎಂದರೆ ಇನ್ನೂ ಸಿಟ್ಟು. ಆಮೇಲೆ ಕಾಲು. ಓಣಿಯಲ್ಲಿ ಹೆಜ್ಜೆ ಎಳೆಯುತ್ತ ಹೋಗುವಾಗ ಕಟ್ಟೆಯ ಮೇಲೆ ಕುಳಿತವರು ಆಡಿಕೊಂಡದ್ದು ನನ್ನ ಕಿವಿಗೇ ಬಿತ್ತು: “ಗೇಜ್ ಮಾಸ್ತರ ಈ ವಯಸ್ಸಿನ್ಯಾಗ ಕುಡಿಯಾಕ ಕಲ್ತಾನ ನೋಡೋ.” ಚಹಾ ಬಿಟ್ಟರೆ ಬೇರೇನನ್ನೂ ಮುಟ್ಟದ ಮನುಷ್ಯ ನಾನು.

ಕಲಬುರಗಿಯ ನರರೋಗ ವೈದ್ಯರು ನನ್ನ ಕೈಗೆ ಪೆನ್ನು ಕೊಟ್ಟು ಒಂದು ಸಾಲು ಬರೆಸಿದರು. ಬಾಗಿಲಿನಿಂದ ಗೋಡೆಯವರೆಗೆ ನಡೆಸಿದರು. ನಂತರ “ಪಾರ್ಕಿನ್ಸನ್” ಎಂದರು. ಶರಣಮ್ಮ ಅದರ ಅರ್ಥ ಕೇಳಲಿಲ್ಲ, “ಅಂದ್ರ ಇವರು ನನ್ನ ಮ್ಯಾಲ ಸಿಟ್ಟಾಗಿಲ್ಲೇನ್ರಿ?” ಎಂದು ಕೇಳಿದಳು. ವೈದ್ಯರು ಇಲ್ಲ ಎಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಕೋಣೆಯಲ್ಲಿ ಸಮಾಧಾನವಾದದ್ದು ಅವಳೊಬ್ಬಳಿಗೆ.

ದಿನಕ್ಕೆ ನಾಲ್ಕು ಗುಳಿಗೆ: ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು. ವೇಳೆ ತಪ್ಪಬಾರದು ಎಂದು ವೈದ್ಯರು ಮೂರು ಸಲ ಹೇಳಿದರು. ಒಂದು ಸಲ ಹೇಳಿದ್ದರೆ ಸಾಕಿತ್ತು. ಗುಳಿಗೆ ನುಂಗಿದ ಮುಕ್ಕಾಲು ಗಂಟೆಗೆ ಮೈ ಬಿಟ್ಟುಕೊಳ್ಳುತ್ತದೆ. ನಡೆಯುತ್ತೇನೆ, ಗುಂಡಿ ಹಾಕುತ್ತೇನೆ, ನಗುತ್ತೇನೆ ಕೂಡ. ನುಂಗಿ ಮೂರು ತಾಸು ದಾಟಿತೆಂದರೆ ಮೈ ಮತ್ತೆ ಹಿಡಿದುಕೊಳ್ಳುತ್ತದೆ. ಆಗ ಬಾಗಿಲು ದಾಟುವುದೂ ಆಗುವುದಿಲ್ಲ. ಕಾಲು ನೆಲಕ್ಕೆ ಅಂಟಿದಂತೆ ಹೊಸ್ತಿಲಲ್ಲಿ ನಿಂತುಬಿಡುತ್ತೇನೆ. ನಮ್ಮ ಕಾಲುವೆಯಲ್ಲಿ ಇಷ್ಟು ದಿನ ನೀರು, ಇಷ್ಟು ದಿನ ಇಲ್ಲ ಎಂಬ ಚಾಲು-ಬಂದ್ ಪದ್ಧತಿ ಇತ್ತು. ನನ್ನ ಮೈಯಲ್ಲಿ ಈಗ ಅದೇ ಪದ್ಧತಿ, ದಿನಕ್ಕೆ ನಾಲ್ಕು ಸಲ.

ಈ ಬಂದ್ ವೇಳೆ ಕಡಿಮೆ ಮಾಡಲು ಇನ್ನೊಂದು ಗುಳಿಗೆ ಇದೆ, ಜೊತೆಗೆ ವಾರಕ್ಕೊಮ್ಮೆ ಕಲಬುರಗಿಗೆ ಬಂದು ವ್ಯಾಯಾಮ ಚಿಕಿತ್ಸೆ ಮಾಡಿಸಿಕೊಳ್ಳಬೇಕು ಎಂದು ವೈದ್ಯರು ಹೇಳಿದರು. ಎರಡರ ಖರ್ಚೂ ನಮ್ಮ ಕೈ ಮೀರಿತ್ತು. ಅವರೇ ದಾರಿ ತೋರಿಸಿದರು: ಕಾನೂನು ಬದಲಾದ ಮೇಲೆ ಈ ಕಾಯಿಲೆಯೂ ಅಂಗವೈಕಲ್ಯದ ಪಟ್ಟಿಯಲ್ಲಿದೆ; ವೈದ್ಯಕೀಯ ಮಂಡಳಿ ಶೇಕಡ ನಲವತ್ತು ಎಂದು ಬರೆದರೆ ಕಾರ್ಡು, ಕಾರ್ಡು ಇದ್ದರೆ ಸರ್ಕಾರದ ನೆರವು. ನಲವತ್ತು. ಮೂವತ್ತೊಂಬತ್ತಾದರೆ ಏನೂ ಇಲ್ಲ.

ಮಂಡಳಿ ಎಲ್ಲಿ ಕೂಡುತ್ತಿತ್ತು, ಯಾರು ಇದ್ದರು ಎಂದು ಇಲ್ಲಿ ಬರೆಯುವುದಿಲ್ಲ. ಅವರೇನೂ ಕೆಟ್ಟವರಲ್ಲ, ದಣಿದವರು. ನನ್ನ ಸಿಟ್ಟು ಇರುವುದು ಅವರ ಮುಂದಿದ್ದ ಫಾರಮ್ಮಿನ ಮೇಲೆ, ಅದನ್ನು ಮಾಡಿದ ತಲೆಗಳ ಮೇಲೆ.

ಮೊದಲ ಸಲ ಹೋದ ದಿನ ಬೆಳಿಗ್ಗೆ ಆರರ ಗುಳಿಗೆ ನುಂಗಿ, ಮೈ ಬಿಟ್ಟುಕೊಂಡ ಮೇಲೆ ಗಡ್ಡ ಮಾಡಿಕೊಂಡೆ. ನಲವತ್ತು ನಿಮಿಷ ಹಿಡಿಯಿತು. ಸ್ನಾನ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಪೆನ್ನು. ಒಂಬತ್ತಕ್ಕೆ ಬರಲು ಹೇಳಿದ್ದರು. ಎಂಟೂವರೆಗೆ ಹೋಗಿ ಕುಳಿತೆ. ಕಾಯುವ ಜಾಗದಲ್ಲಿ ಒಂದೇ ಒಂದು ಬೆಂಚು. ಕೈ ಇಲ್ಲದವರು, ಕಾಲು ಇಲ್ಲದವರು, ಕಣ್ಣಿಲ್ಲದವರು, ಅವರನ್ನು ಕರೆತಂದವರು, ಎಲ್ಲರೂ ಗೋಡೆಗುಂಟ ನೆಲದ ಮೇಲೆ. ಹತ್ತಕ್ಕೆ ಸರಿಯಾಗಿ ಗುಳಿಗೆ ನುಂಗಿದೆ. ಹನ್ನೊಂದಕ್ಕೆ ನನ್ನ ಹೆಸರು ಕರೆದರು.

ಒಳಗೆ ಮೂವರು ವೈದ್ಯರು, ಒಬ್ಬ ಕ್ಲರ್ಕ್. ನಡುವೆ ಕುಳಿತವರು ಬೆಂಗಳೂರು ಕಡೆಯ ಚಿಕ್ಕ ವಯಸ್ಸಿನ ವೈದ್ಯರು.

“ನಡೆದು ತೋರಿಸಿ,” ಎಂದರು. ನಡೆದೆ. “ತಿರುಗಿ.” ತಿರುಗಿದೆ. “ಗುಂಡಿ ಬಿಚ್ಚಿ ಹಾಕಿ.” ಬಿಚ್ಚಿ ಹಾಕಿದೆ.

“ಊಟ ಯಾರು ಮಾಡಿಸ್ತಾರೆ?”

“ನನ್ನ ಕೈಲೇ ಮಾಡ್ತೀನ್ರಿ.”

“ಸ್ನಾನ?”

“ನಾನ ಮಾಡ್ತೀನ್ರಿ. ಯಾರ ಕಡಿಂದೂ ಮಾಡಿಸ್ಕೊಳ್ಳಂಗಿಲ್ಲ.”

ಶರಣಮ್ಮ ಹಿಂದಿನಿಂದ ನನ್ನ ಅಂಗಿ ಜಗ್ಗಿದಳು. ನಾನು ಗಮನ ಕೊಡಲಿಲ್ಲ. ವೈದ್ಯರು ಏನೋ ಬರೆದರು. ಮುಂದಿನವರನ್ನು ಕರೆದರು. ನಾನು ಒಳಗೆ ಇದ್ದದ್ದು ನಾಲ್ಕು ನಿಮಿಷ.

ಹೊರಗೆ ಬಂದ ಮೇಲೆ ಶರಣಮ್ಮ ಬೆಂಚಿನ ತುದಿಗೆ ಕುಳಿತು ಹೇಳಿದಳು: “ಅವರು ಕೇಳಿದ್ದು ಆಗ್ತದೋ ಇಲ್ಲೋ ಅಂತ. ನೀವು ಹೇಳಿದ್ದು ನಿಮ್ಮ ಮರ್ಯಾದಿ.”

ಅವಳ ಮಾತಿನ ತೂಕ ನನಗೆ ಹದಿನೈದು ದಿನದ ನಂತರ ಕಾಗದ ಕೈಗೆ ಬಂದಾಗ ತಿಳಿಯಿತು. ಕಿಟಕಿಯಲ್ಲಿದ್ದ ಕ್ಲರ್ಕ್ ಹೇಳಿದ: “ಇಪ್ಪತ್ತೆಂಟು ಬಂದಾದ್ರಿ ಯಜಮಾನ್ರ. ನಲವತ್ತು ಬೇಕು. ನಿಮ್ಮ ಆರೋಗ್ಯ ಚಲೋ ಅದ ಅಂತ ಖುಷಿ ಪಡ್ರಿ.”

“ಇದನ್ನ ಹನ್ನೊಂದಕ್ಕ ನೋಡಿ ಬರ್ದಾರ. ಒಂದೂವರೆಗಿ ನೋಡಿದ್ರ ನಾ ಬ್ಯಾರೆ ಇರ್ತೀನಿ,” ಎಂದೆ.

“ಹಂಗಂದ್ರ ಮುಂದಿನ ಸಲ ಗುಳಿಗಿ ತಗೊಳ್ಳದ ಬರ್ರಿ. ಎಲ್ಲಾರೂ ಹಂಗ ಮಾಡ್ತಾರ.” ದನಿಯಲ್ಲಿ ಕೆಡುಕು ಇರಲಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೇಳುವವನ ಹಾಗೆ ಹೇಳಿದ.

ಇದು ಎಂಥ ನಿಯಮ! ವೈದ್ಯರು ಹೇಳಿದ ವೇಳೆಗೆ ಗುಳಿಗೆ ನುಂಗುವವನಿಗೆ ನೆರವಿಲ್ಲ, ತಪ್ಪಿಸಿದವನಿಗೆ ಉಂಟು. ಗಡ್ಡ ಮಾಡಿಕೊಂಡು ಹೋದವನು ಸುಳ್ಳುಗಾರನಂತೆ, ಕೆದರಿದ ತಲೆಯಲ್ಲಿ ಹೋದವನು ಸತ್ಯವಂತನಂತೆ. ಕಲಬುರಗಿಯ ವೈದ್ಯರಿಗೆ ಫೋನ್ ಮಾಡಿ ಕೇಳಿದರೆ ಅವರು ಬೈದರು. ಒಮ್ಮೆಲೆ ಗುಳಿಗೆ ಬಿಟ್ಟರೆ ಜ್ವರ ಏರಿ, ಮೈ ಮರಗಟ್ಟಿ, ಪ್ರಾಣಕ್ಕೇ ಬರಬಹುದು ಎಂದರು. ಅಂದರೆ ನಾಲ್ಕು ನಿಮಿಷದ ಪರೀಕ್ಷೆಗೋಸ್ಕರ ಜೀವ ಒತ್ತೆ ಇಡಬೇಕು.

ಶಹಾಪುರದಲ್ಲಿ ನನ್ನ ಅಂಗಿ ಹೊಲಿಯುವ ಖಾಜಾಸಾಬನ ಅಂಗಡಿಗೆ ಹೋಗಿ ಕುಳಿತೆ. ಖಾಜಾಸಾಬನಿಗೆ ಎರಡು ವರ್ಷದವನಿದ್ದಾಗ ಪೋಲಿಯೋ ಆಗಿ ಬಲಗಾಲು ಕಡ್ಡಿಯಾಗಿದೆ. ಎಡಗಾಲಿನಿಂದ ಹೊಲಿಗೆ ಯಂತ್ರ ತುಳಿಯುತ್ತಾನೆ. ಕಾಗದ ಓದಿ ನಕ್ಕ.

“ಅರೆ ಮಾಸ್ತರ್ ಸಾಬ್, ಇಸ್ತ್ರಿ ಅಂಗಿ ಹಾಕ್ಕೊಂಡ ಹೋದ್ರ ಯಾರ್ ಕೊಡ್ತಾರ? ನಾ ಹೊಲ್ದ ಅಂಗಿ ಅದು. ಅದಕ್ಕ ಹನ್ನೆರಡು ಪರ್ಸೆಂಟ್ ಕಡಿಮಿ ಬಿದ್ದಾವ.”

“ನಗಬ್ಯಾಡ ಖಾಜಾ.”

“ನಗದಽ ಏನ್ ಮಾಡ್ಲಿ? ನನ್ನ ಕಾಲು ಮತ್ತ ಬೆಳದಾದೇನು ಅಂತ ಮೂರು ಸಲ ಕರಸಿ ನೋಡ್ಯಾರ. ಪ್ರತಿ ಸಲ ಅಳತಿ ಪಟ್ಟಿ ಹಿಡದು ನಾನಽ ಅಳದು ತೋರಸ್ತೀನಿ, ದರ್ಜಿ ಅಲ್ಲೇನು.” ಆಮೇಲೆ ದನಿ ಇಳಿಸಿದ. “ಖರೇ ಹೇಳ್ತೀನಿ ಕೇಳ್ರಿ. ಗಡ್ಡ ಬಿಡ್ರಿ. ಬಾಯಿ ಸ್ವಲ್ಪ ಸೊಟ್ಟ ಮಾಡ್ರಿ. ಕೇಳಿದ್ದಕ್ಕೆಲ್ಲ ಆಗಂಗಿಲ್ಲ ಅನ್ರಿ. ಭಾಭಿ ಅಳಲಿ.”

“ನಾ ನಾಟಕ ಮಾಡಂಗಿಲ್ಲ.”

“ಹಂಗಿದ್ರ ಇಪ್ಪತ್ತೆಂಟಽ ಇರ್ರಿ,” ಎಂದು ಯಂತ್ರ ತುಳಿಯತೊಡಗಿದ.

ಮನೆಗೆ ಬರುವಾಗ ಒಂದು ಹಳೆಯ ಸಂಗತಿ ನೆನಪಾಗಿ ಸಿಟ್ಟು ನನ್ನ ಮೇಲೆಯೇ ತಿರುಗಿತು. ಕಾಲುವೆಯ ತುದಿಯ ಹೊಲದವರು ನಮಗೆ ನೀರು ಮುಟ್ಟುವುದಿಲ್ಲ ಎಂದು ಅರ್ಜಿ ಕೊಟ್ಟಿದ್ದರು. ಪರೀಕ್ಷೆಗೆ ಬಂದ ಸಾಹೇಬರು ಚಾಲು ದಿನವೇ ಬಂದರು. ತೂಬಿನಲ್ಲಿ ನೀರು ತುಂಬಿ ಹರಿಯುತ್ತಿತ್ತು. “ನೀರು ತಲುಪುತ್ತಿದೆ” ಎಂದು ಬರೆದುಕೊಂಡು ಜೀಪು ಹತ್ತಿದರು. ಹಳದಿ ರುಮಾಲಿನ ಒಬ್ಬ ಮುದುಕ ಜೀಪಿನ ಹಿಂದೆ ಓಡಿದ: “ಸಾಹೇಬ್ರ, ನಾಳಿ ಬಂದು ನೋಡ್ರಿ, ನಾಡದ ಬಂದು ನೋಡ್ರಿ.” ಬಂದ್ ದಿನದ ರೀಡಿಂಗುಗಳೆಲ್ಲ ನನ್ನ ರಿಜಿಸ್ಟರಿನಲ್ಲಿ ಇದ್ದವು. ಯಾರೂ ಕೇಳಲಿಲ್ಲವೆಂದು ನಾನು ಚೌಕಿಯ ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ. ಈಗ ಜೀಪಿನ ಹಿಂದೆ ಓಡುವ ಸರದಿ ನನ್ನದು, ಓಡಲು ಕಾಲು ಇಲ್ಲ.

ಮರುದಿನವೇ ಒಂದು ದಪ್ಪ ನೋಟ್‌ಬುಕ್ ತಂದು ಗೆರೆ ಹೊಡೆದೆ. ತಾರೀಖು, ವೇಳೆ, ಗುಳಿಗೆ, ಹಾಸಿಗೆಯಿಂದ ಬಾಗಿಲಿಗೆ ಎಷ್ಟು ಸೆಕೆಂಡು, ಒಂದು ಗುಂಡಿಗೆ ಎಷ್ಟು ಸೆಕೆಂಡು. ಎಚ್ಚರವಿರುವಷ್ಟು ಹೊತ್ತು ಗಂಟೆಗೊಂದು ರೀಡಿಂಗು. ಚಾಲು ಇದ್ದಾಗ ನಾನೇ ಬರೆಯುತ್ತಿದ್ದೆ. ಬಂದ್ ಆದಾಗ ಶರಣಮ್ಮ ಬರೆಯುತ್ತಿದ್ದಳು. ಅವಳಿಗೆ ಅಂಕಿ ಮಾತ್ರ ಬರೆ ಎಂದರೆ ಕೇಳುತ್ತಿರಲಿಲ್ಲ. “ಒಂದೂ ಹದಿನೈದು. ಬಾಗಲದಾಗ ನಿಂತಾರ. ಬೈಯಾಕತ್ಯಾರ.” “ಒಂದೂ ಇಪ್ಪತ್ತು. ಇನ್ನೂ ನಿಂತಾರ. ಬೈಯೂದು ಬಿಟ್ಟಾರ.” ಹೊಡೆದು ಹಾಕಬೇಕೆಂದಿದ್ದೆ. ರೀಡಿಂಗನ್ನು ತಿದ್ದುವ ಅಭ್ಯಾಸ ನನಗಿಲ್ಲ, ಬಿಟ್ಟೆ.

ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವನನ್ನು ಬಿಡಿಸುವ ಉಪಾಯವನ್ನೂ ಕಂಡುಹಿಡಿದವಳು ಅವಳೇ. ಒಂದು ದಿನ ನಾನು ಹೊಸ್ತಿಲಲ್ಲಿ ನಿಂತಿದ್ದಾಗ ಗೋಡೆಗೆ ಒರಗಿಸಿದ್ದ ಕಸಬರಿಗೆ ನನ್ನ ಕಾಲ ಮುಂದೆ ಅಡ್ಡ ಬಿತ್ತು. ಕಸಬರಿಗೆ ತುಳಿಯಬಾರದೆಂದು ಕಾಲು ತಾನಾಗಿ ಎದ್ದು ದಾಟಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಂದಿನಿಂದ ಅವಳ ಕೈಯಲ್ಲಿ ಒಂದು ಮೊಳದ ಕೋಲು. ನಾನು ನಿಂತಲ್ಲಿ ಕಾಲಿನ ಮುಂದೆ ಅಡ್ಡ ಇಡುತ್ತಾಳೆ, ನಾನು ದಾಟುತ್ತೇನೆ. ಮನೆಯೊಳಗೆ ನಡೆಯುವ ದಾರಿಗುಂಟ ನೆಲಕ್ಕೆ ಕಪ್ಪು ಬಿಳಿ ಗೆರೆ ಬಳಿದೆವು. ಸೈದಾಪುರದಿಂದ ಬಂದ ಸುಜಾತಾ ನೋಡಿ, “ಅಪ್ಪಾ, ಮನ್ಯಾಗೂ ಗೇಜ್ ಪಟ್ಟಿ ಹಾಕ್ಸಿದ್ಯಾ?” ಎಂದು ನಗಲು ಹೋಗಿ ಅತ್ತಳು.

ಅವಳ ಕಣ್ಣಿಗೆ ನನ್ನ ಗಲ್ಲದ ಹೊಲಿಗೆ ಬಿದ್ದಿತ್ತು. ಮಧ್ಯಾಹ್ನ ಒಂದೂವರೆಗೆ ನೀರಿನ ತೊಟ್ಟಿಯ ಹತ್ತಿರ ಬಿದ್ದಿದ್ದೆ. ವೈದ್ಯರು ಹೇಳಿದ ಆ ಎರಡನೆಯ ಗುಳಿಗೆ ಇದ್ದಿದ್ದರೆ ಬೀಳುತ್ತಿರಲಿಲ್ಲ ಎಂದು ಖಚಿತವಾಗಿ ಹೇಳಲಾರೆ. ಬಿದ್ದದ್ದು ಬಂದ್ ವೇಳೆಯಲ್ಲಿ ಎಂಬುದನ್ನು ಖಚಿತವಾಗಿ ಹೇಳಬಲ್ಲೆ, ಬರೆದಿಟ್ಟಿದ್ದೇನೆ.

ಮತ್ತೆ ಅರ್ಜಿ ಕೊಟ್ಟಿದ್ದೆ; ಐದು ತಿಂಗಳ ನಂತರ ಮಂಡಳಿಯಿಂದ ಕರೆ ಬಂತು. ಗುಳಿಗೆ ತಪ್ಪಿಸುವುದಿಲ್ಲ, ನಾಟಕ ಮಾಡುವುದಿಲ್ಲ ಎಂದು ಮೊದಲೇ ನಿರ್ಧರಿಸಿದ್ದೆ. ಬೇಕಾದದ್ದು ವೇಳೆ ಮಾತ್ರ. ಕ್ಲರ್ಕಿಗೆ ಕೈಮುಗಿದು ಕೇಳಿದೆ: “ನನ್ನ ಒಂದೂಕಾಲಕ್ಕ ಕರೀರಿ ಸಾಕು.”

“ನಂಬರ್ ಪ್ರಕಾರ ಯಜಮಾನ್ರ. ನಿಮ್ದು ಹದಿನಾಲ್ಕು. ಹನ್ನೊಂದರ ಸುಮಾರಿಗಿ ಬರ್ತದ.”

“ಈ ಪುಸ್ತಕ ಒಳಗ ಕೊಡ್ತೀರೇನು?”

ಅವನು ಎರಡು ಪುಟ ತಿರುವಿದ. “ಫಾರಂದಾಗ ಇದಕ್ಕ ಜಾಗ ಇಲ್ರಿ,” ಎಂದು ವಾಪಸ್ ಕೊಟ್ಟ.

ನಾನು ಬಂದು ಕುಳಿತೆ. ಇಸ್ತ್ರಿ ಅಂಗಿಯೇ ಹಾಕಿಕೊಂಡಿದ್ದೆ. ಹತ್ತಕ್ಕೆ ಗುಳಿಗೆ ನುಂಗಿದೆ. ಚಹಾ ಮಾರುವವನು ಬಂದ. ಹೋದ ಸಲ ನನ್ನ ಕೈಯಿಂದ ಚಹಾ ಚೆಲ್ಲಿದ್ದು ಅವನಿಗೆ ನೆನಪಿತ್ತೋ ಏನೋ, ಅರ್ಧ ಕಪ್ಪು ಹಾಕಿ ಕೊಟ್ಟ. ಅದನ್ನು ಕುಡಿದು ಮುಗಿಸುವವರೆಗೆ ಬೇರೆಯವರಿಗೆ ಕೊಟ್ಟು ಬಂದು, ಉಳಿದರ್ಧ ಹಾಕಿದ. ಆ ಕಟ್ಟಡದಲ್ಲಿ ನನ್ನ ಕೈಯನ್ನು ಸರಿಯಾಗಿ ಅಳೆದವನು ಅವನೊಬ್ಬ.

ಹನ್ನೊಂದಕ್ಕೆ “ಹದಿನಾಲ್ಕು” ಎಂದು ಕೂಗಿದರು. ನನ್ನ ಪಕ್ಕದಲ್ಲಿ ಶಿರವಾಳದಿಂದ ಬಂದ ಒಬ್ಬ ತಾಯಿ ಇದ್ದಳು, ಎದ್ದು ಕೂಡಲಾಗದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು. ನಂಬರು ಇಪ್ಪತ್ತಮೂರು.

“ನೀ ಹೋಗವ್ವ, ನಿನ್ನ ಚೀಟಿ ನನಗ ಕೊಡು,” ಎಂದೆ.

ಅವಳು ನಂಬಲಿಲ್ಲ. “ಯಾಕ್ರಿ ಯಪ್ಪಾ, ನಿಮಗ ಬ್ಯಾಡೇನ್ರಿ?”

“ಬೇಕು. ಈಗ ಬ್ಯಾಡ.”

ಅವಳು ಹೋದಳು. ಇಪ್ಪತ್ತಮೂರು ಬಂದಾಗ ಕಣ್ಣು ಕಾಣದ ಒಬ್ಬ ಅಜ್ಜನಿಗೆ ಕೊಟ್ಟು ಅವನ ಮೂವತ್ತೊಂದು ಇಸಿದುಕೊಂಡೆ. ಅಷ್ಟರಲ್ಲಿ ಸುದ್ದಿ ಹಬ್ಬಿ, ಒಬ್ಬ ಮುದುಕ ನಂಬರು ಹಂಚುತ್ತಿದ್ದಾನೆ ಎಂದು ನಾಲ್ಕು ಜನ ಬಂದು ನಿಂತರು. ಅವರಲ್ಲೊಬ್ಬನ ಮೂವತ್ತೊಂಬತ್ತಕ್ಕೆ ನನ್ನ ಮೂವತ್ತೊಂದು ಬದಲಾಯಿಸಿಕೊಂಡೆ. ಕ್ಲರ್ಕ್ ಹೊರಗೆ ಬಂದು ಕೂಗಾಡಿದ: “ಏನ್ ಸಂತಿ ಹಚ್ಚೀರಿ ಇಲ್ಲಿ? ಯಜಮಾನ್ರ, ನಿಮ್ಮ ನಂಬರ್ ಬಂದಾಗ ನೀವು ಬರಬೇಕು!”

“ಬರ್ತೀನಿ. ನನ್ನ ನಂಬರ್ ಇನ್ನೂ ಬಂದಿಲ್ಲ,” ಎಂದು ಕೈಯಲ್ಲಿದ್ದ ಮೂವತ್ತೊಂಬತ್ತು ತೋರಿಸಿದೆ. ಊಟದ ವೇಳೆಗಿಂತ ಮುಂಚೆ ನಲವತ್ತು ಜನರನ್ನು ನೋಡುತ್ತಾರೆ ಎಂದು ಬೆಳಿಗ್ಗೆಯೇ ಕೇಳಿಕೊಂಡಿದ್ದೆ.

ಒಂದಕ್ಕೆ ಬೆರಳು ಬಿಗಿಯತೊಡಗಿತು. ಒಂದೂ ಹತ್ತಕ್ಕೆ ಕುತ್ತಿಗೆ. ಒಂದೂ ಇಪ್ಪತ್ತಕ್ಕೆ ಮೂವತ್ತೊಂಬತ್ತು ಎಂದು ಕೂಗಿದರು. ಶರಣಮ್ಮ ನನ್ನ ಎರಡೂ ಕೈ ಹಿಡಿದು ಎಬ್ಬಿಸಿದಳು. ಬೆಂಚಿನಿಂದ ಬಾಗಿಲಿಗೆ ಹನ್ನೆರಡು ಹೆಜ್ಜೆ. ನನಗೆ ಅದು ಮೂವತ್ತಾಯಿತು. ಬಾಗಿಲಿಗೆ ಬಂದು, ಒಂದು ಕಾಲು ಹೊಸ್ತಿಲ ಈಚೆ, ಒಂದು ಕಾಲು ಹೊಸ್ತಿಲ ಮೇಲೆ ಇಟ್ಟು ನಿಂತುಬಿಟ್ಟೆ.

ನಾನು ಬರುವುದು ತಡವಾಯಿತೆಂದು ಒಳಗಿನವರು ನಲವತ್ತನೆಯವನನ್ನು ಕರೆಸಿ ಮುಗಿಸಿ, ಊಟಕ್ಕೆ ಎದ್ದಿದ್ದರು. ನಡುವಿನ ಚಿಕ್ಕ ವಯಸ್ಸಿನ ವೈದ್ಯರು ಕೈಯಲ್ಲಿ ಡಬ್ಬಿ ಹಿಡಿದುಕೊಂಡಿದ್ದರು. ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು, ಅದರ ಒಂದು ಕದ ಮೊಳೆ ಹೊಡೆದು ಮುಚ್ಚಿದ್ದು. ಉಳಿದ ಅರ್ಧದಲ್ಲಿ ನಾನು.

“ಸ್ವಲ್ಪ ದಾರಿ ಬಿಡಿ,” ಎಂದರು ವೈದ್ಯರು.

“ಬಿಡಾಕ ಬರವಲ್ದ್ರಿ.” ನನ್ನ ದನಿ ಆ ಹೊತ್ತಿಗೆ ನನಗೇ ಕೇಳದಷ್ಟು ಸಣ್ಣದಾಗಿತ್ತು.

“ಏನಂತೆ?”

“ಬಿಡಾಕ ಬರವಲ್ದು ಅನ್ನಾಕತ್ಯಾರ್ರಿ,” ಎಂದಳು ಶರಣಮ್ಮ ನನ್ನ ಹೆಗಲ ಮೇಲಿಂದ ಇಣುಕಿ.

ಕ್ಲರ್ಕ್ ಬಂದು ನನ್ನ ಹೆಗಲಿಗೆ ಕೈ ಹಾಕಿದ. “ಮುಟ್ಟಬ್ಯಾಡ್ರಿ! ಬೀಳ್ತಾರ!” ಅವಳು ಕೂಗಿದ ರಭಸಕ್ಕೆ ಕೈ ತೆಗೆದ. ಮೂವರು ವೈದ್ಯರು, ಕ್ಲರ್ಕ್, ನಲವತ್ತನೆಯವನು, ಎಲ್ಲರೂ ಒಳಗೆ ನಿಂತರು. ಹೊರಗೆ ನೆಲದ ಮೇಲೆ ಕುಳಿತವರೆಲ್ಲ ಎದ್ದು ಬಂದರು. ಎದುರಿನ ಗೋಡೆಯ ಗಡಿಯಾರ ನನಗೆ ಕಾಣುತ್ತಿತ್ತು. ಒಂದೂ ಇಪ್ಪತ್ತಾರು. ನಾಚಿಕೆಯಿಂದ ಕಿವಿ ಸುಡುತ್ತಿದ್ದವು, ಮುಖ ಮಾತ್ರ ಕಲ್ಲಿನ ಹಾಗೆ. ಮೊದಲ ವಾರ ಬಿಟ್ಟರೆ ಮೂವತ್ತೊಂದು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಮನುಷ್ಯ ಜಾತ್ರೆಯ ಗೊಂಬೆಯಂತೆ ನಿಂತಿದ್ದೆ.

ಚಿಕ್ಕ ವೈದ್ಯರು ನನ್ನ ಕಾಲು ನೋಡಿದರು. ಮುಖ ನೋಡಿದರು. “ನೀವು ಬೆಳಿಗ್ಗೆ ಹೊರಗೆ ಓಡಾಡ್ತಾ ಇದ್ರಲ್ಲ? ಯಾರಿಗೋ ಚೀಟಿ ಕೊಡ್ತಾ ಇದ್ರಿ.”

“ಅದೂ ಖರೇನ್ರಿ. ಇದೂ ಖರೇನ.”

“ಈಗ ಇವರನ್ನ ಸರಿಸೋದು ಹೇಗೆ?” ಎಂದು ಅವರು ಶರಣಮ್ಮನನ್ನು ಕೇಳಿದರು.

ಅವಳ ಕಂಕುಳಲ್ಲಿ ಕೋಲು ಇತ್ತು. “ಕೋಲು ಅದ್ರಿ ನನ್ನ ಬಲ್ಲಿ. ಕಾಲ ಮುಂದ ಇಟ್ರ ದಾಟ್ತಾರ.”

“ಹಾಗಾದ್ರೆ ಇಡಮ್ಮ.”

“ಇಡ್ತೀನ್ರಿ. ಮೊದಲ ನೀವು ಬರಕೋರಿ.”

“ಏನು?”

“ಇವರನ್ನ ಹಿಂಗ ನೋಡಿ ಬರಕೋರಿ. ನಾ ಕೋಲು ಇಟ್ರ ಇವರು ನಡೀತಾರ. ಎರಡಕ್ಕ ಗುಳಿಗಿ ಕೊಟ್ರ ಮತ್ತ ಗುಂಡಿ ಹಾಕಿ ತೋರಸ್ತಾರ. ನೀವು ಮತ್ತ ಇಪ್ಪತ್ತೆಂಟು ಬರೀತೀರಿ.”

ಹೊರಗಿನಿಂದ ಯಾರೋ “ಬರೀರಿ ಸಾಹೇಬ್ರ” ಎಂದರು. ಇನ್ನೊಬ್ಬರು ನಕ್ಕರು. ವೈದ್ಯರ ಮುಖ ಕೆಂಪಾಯಿತು. ಡಬ್ಬಿಯನ್ನು ಮೇಜಿನ ಮೇಲೆ ಇಟ್ಟರು. ನಂತರ ನನ್ನ ಹತ್ತಿರ ಬಂದು, ಬಗ್ಗಿ, ಮೊಣಕಾಲು ಮುಟ್ಟಿದರು, ಮುಂಗೈ ತಿರುಗಿಸಿ ನೋಡಿದರು, ಒಂದು ಗುಂಡಿ ಬಿಚ್ಚಲು ಹೇಳಿ ತಮ್ಮ ಕೈಗಡಿಯಾರ ನೋಡುತ್ತ ನಿಂತರು. ಗುಂಡಿ ಬಿಚ್ಚಲಿಲ್ಲ. ಶರಣಮ್ಮ ನನ್ನ ಬಗಲಿನಿಂದ ನೋಟ್‌ಬುಕ್ ತೆಗೆದು ಒಳಗೆ ಚಾಚಿದಳು. ಈ ಸಲ ವೈದ್ಯರೇ ತೆಗೆದುಕೊಂಡರು. ಹೋಗಿ ಕುರ್ಚಿಯಲ್ಲಿ ಕುಳಿತು ಓದಿದರು. ಒಂದು ಕಡೆ ಅವರ ತುಟಿ ಅಲುಗಿತು. “ಬೈಯೂದು ಬಿಟ್ಟಾರ” ಎಂಬಲ್ಲಿಗೆ ಬಂದಿರಬೇಕು. ಉಳಿದಿಬ್ಬರೂ ಬಗ್ಗಿ ನೋಡಿದರು. ಮೂವರೂ ಮಾತಾಡಿಕೊಂಡರು. ಬರೆದರು.

“ಬರ್ದ್ರೇನ್ರಿ?” ಎಂದಳು ಶರಣಮ್ಮ.

“ಬರೆದೆ ತಾಯಿ.”

ಅವಳು ಬಗ್ಗಿ ನನ್ನ ಕಾಲ ಮುಂದೆ ಕೋಲು ಇಟ್ಟಳು. ದಾಟಿದೆ.

ಐವತ್ತೆರಡು. ಕಾರ್ಡು ಬಂದಿದೆ. ಎರಡನೆಯ ಗುಳಿಗೆ ಸಿಗುತ್ತಿದೆ, ವಾರಕ್ಕೊಮ್ಮೆ ಕಲಬುರಗಿಗೆ ಹೋಗುತ್ತೇನೆ. ಬಂದ್ ವೇಳೆ ಅರ್ಧಕ್ಕೆ ಇಳಿದಿದೆ. ಈ ಬರಹವನ್ನು ಚಾಲು ವೇಳೆಯಲ್ಲಿ ನನ್ನ ಕೈಯಿಂದಲೇ ಬರೆದಿದ್ದೇನೆ. ಸಿಟ್ಟು ಇಳಿದಿಲ್ಲ. ನನ್ನ ಪ್ರಮಾಣಪತ್ರಕ್ಕೆ ಅವಧಿ ಇದೆ, ಅದು ಮುಗಿದ ಮೇಲೆ ಮತ್ತೆ ಹೋಗಿ ತೋರಿಸಬೇಕಂತೆ. ಈ ಕಾಯಿಲೆ ವಾಸಿಯಾಗುವುದಿಲ್ಲ ಎಂದು ಬರೆದವರೂ ಅವರೇ. ಖಾಜಾಸಾಬ ಹೇಳುತ್ತಾನೆ, ಇಬ್ಬರೂ ಕೂಡಿ ಹೋಗೋಣ, ಅಳತೆ ಪಟ್ಟಿ ನಾನು ತರುತ್ತೇನೆ ಎಂದು. ಆ ದಿನ ನಾನು ಸಮಯಕ್ಕೆ ಸರಿಯಾಗಿ ಬಾಗಿಲಲ್ಲಿ ಸಿಕ್ಕಿಕೊಳ್ಳದೆ ಒಳಗೆ ಹೋಗಿದ್ದರೆ ಏನಾಗುತ್ತಿತ್ತೋ ತಿಳಿಯದು. ಬಾಗಿಲು ಎರಡು ಕದ ತೆರೆದಿದ್ದರೆ ಅವರು ಪಕ್ಕದಿಂದ ಹಾಯ್ದು ಊಟಕ್ಕೆ ಹೋಗುತ್ತಿದ್ದರೇನೋ. ಈ ಕಾಯಿಲೆ ಇರುವವರು ಇದನ್ನು ಓದುತ್ತಿದ್ದರೆ ಒಂದು ಮಾತು: ನಿಮ್ಮ ಬಂದ್ ವೇಳೆ ಯಾವುದು ಎಂದು ಬರೆದಿಡಿ. ಆ ವೇಳೆಗೇ ನೋಡಿ ಎಂದು ಕೇಳಿ. ಗುಳಿಗೆ ಬಿಡಬೇಡಿ. ಗಡ್ಡ ಮಾಡಿಕೊಂಡೇ ಹೋಗಿ.

ಆ ದಿನದ ಒಂದು ಸಂಗತಿ ಹೇಳುವುದು ಉಳಿಯಿತು. ವೈದ್ಯರು ಊಟಕ್ಕೆ ಹೋದ ಮೇಲೆ ಕ್ಲರ್ಕ್ ಫಾರಮ್ಮಿನ ಕೆಳಗೆ ನನ್ನ ಸಹಿ ಕೇಳಿದ. ಪೆನ್ನು ಹಿಡಿದೆ. ಇರುವೆಯ ಕಾಲಿನಂಥ ಒಂದು ಗೀರು ಬಿತ್ತು.

“ಇದು ನಡಿಯಂಗಿಲ್ರಿ. ಕಾಣವಲ್ದು. ಹೆಬ್ಬಟ್ಟು ಒತ್ತಿ ಬಿಡ್ರಿ,” ಎಂದು ಮಸಿಯ ಡಬ್ಬಿ ಮುಂದೆ ತಳ್ಳಿದ.

ನನ್ನ ಅಪ್ಪ ಜೀವಮಾನವಿಡೀ ಹೆಬ್ಬಟ್ಟು ಒತ್ತಿದವನು. ನಾನು ಒತ್ತಬಾರದೆಂದೇ ನನ್ನನ್ನು ಸುರಪುರದ ಹಾಸ್ಟೆಲ್ಲಿಗೆ ಬಿಟ್ಟು ಬಂದವನು. ಮಸಿಯ ಡಬ್ಬಿಯನ್ನು ವಾಪಸ್ ಸರಿಸಿದೆ.

“ಕೂಡ್ತೀನಿ,” ಎಂದೆ.

“ಎಷ್ಟೊತ್ತು?”

“ಮೂರರ ತನಕ.”

ಎರಡಕ್ಕೆ ಸರಿಯಾಗಿ ಗುಳಿಗೆ ನುಂಗಿದೆ. ಶರಣಮ್ಮ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೊಟ್ಟಳು. ಕ್ಲರ್ಕ್ ಊಟ ಮಾಡಿ ಬಂದ, ಎರಡು ಸಲ ನನ್ನ ಕಡೆ ನೋಡಿದ. ಮೂರಕ್ಕೆ ಬೆರಳು ಬಿಟ್ಟವು. ಎದ್ದು ಹೋಗಿ ಕಿಟಕಿಯ ಮುಂದೆ ನಿಂತೆ. ಹಳೆಯ ಗೀರಿನ ಪಕ್ಕದಲ್ಲಿ, ರಿಜಿಸ್ಟರಿನಲ್ಲಿ ಬರೆಯುತ್ತಿದ್ದಂತೆ ದಪ್ಪಗೆ, ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ಕೆಳಗೆ ತಾರೀಖು ಹಾಕಿದೆ.

“ಈಗ ಚಲೋ ಬರ್ದ್ರಲ್ರೀ!” ಎಂದು ಕ್ಲರ್ಕ್ ಕಾಗದ ಎಳೆದುಕೊಳ್ಳಲು ಕೈ ಚಾಚಿದ.

“ತಡಿ,” ಎಂದೆ. ಎರಡೂ ಸಹಿಗಳ ಪಕ್ಕದಲ್ಲಿ ವೇಳೆ ಬರೆದೆ. ಸಣ್ಣದರ ಮುಂದೆ ಒಂದೂ ನಲವತ್ತು. ದೊಡ್ಡದರ ಮುಂದೆ ಮೂರೂ ಹತ್ತು.